ರಾಕ್ಷಸನ ಪಾತ್ರದ ಮೂಕಣ್ಣ

ಬುಕ್ಕಸಾಗರ ದಾಟಿ ಕಂಪ್ಲಿ ಕಡೆಗೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕದ ಒಂದು ಸಣ್ಣ ಊರಿನವನು ಮೂಕಣ್ಣ. ಮಿಕ್ಕ ದಿನಗಳಲ್ಲಿ ಬೇರೆಯವರ ಗದ್ದೆಗೆ ನೀರು ಕಟ್ಟುತ್ತಿದ್ದ. ಬಯಲಾಟದ ಕಾಲ ಬಂದರೆ ರಾಕ್ಷಸನಾಗುತ್ತಿದ್ದ. ಬಾಗಿಲಿಗೆ ತಲೆ ಬಗ್ಗಿಸಿಯೇ ಒಳಬರಬೇಕಾದ ಎತ್ತರ, ಅದಕ್ಕೆ ತಕ್ಕ ಎದೆ, ಕಾಲುವೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆ ದಂಡೆಯ ಎತ್ತುಗಳು ಮೇಯುವುದು ಬಿಟ್ಟು ನೋಡುವಂಥ ಗಂಟಲು. ಆಟ ಕಲಿಸುವ ಕೊಟ್ರಬಸಪ್ಪ ಮಾಸ್ತರರು ಹರೆಯದ ಮೂಕಣ್ಣನನ್ನು ಮೊದಲ ಸಲ ಕಂಡಾಗ, "ನಿನಗ ಬಣ್ಣ ಹಚ್ಚದಿದ್ರೂ ನಡೀತೈತಿ ಬಿಡು" ಎಂದು ನಕ್ಕಿದ್ದರು.

ಆ ಊರಿನವರು ಆಡುತ್ತಿದ್ದ ಪ್ರಸಂಗ ಒಂದೇ. ಮಾಸ್ತರರ ತಾತ ಯಾವುದೋ ಹಳೆಯ ಪುರಾಣದಿಂದ ತೆಗೆದು ಪದ ಕಟ್ಟಿದ್ದು ಅದು. ಅಡವಿಯಲ್ಲಿ ಒಬ್ಬ ರಾಕ್ಷಸನಿದ್ದಾನೆ. ಪಟ್ಟಣ ಕಟ್ಟಬೇಕೆಂದು ರಾಜನೊಬ್ಬ ದಂಡು ತಂದು ಮರ ಕಡಿಸುತ್ತಾನೆ. ರಾಕ್ಷಸ ಆ ಆಳುಗಳನ್ನು ಹಿಡಿದು ತಿನ್ನುತ್ತಾನೆ. ಕೊನೆಗೆ ರಾಜ ಅವನನ್ನು ಕೊಂದು, ಅದೇ ಅಡವಿಯಲ್ಲಿ ಗುಡಿ ಕಟ್ಟಿಸಿ, ಕೆರೆ ತೋಡಿಸಿ, ಬೀದಿ ಬಿಡಿಸಿ ಧರ್ಮದಿಂದ ಆಳುತ್ತಾನೆ. ರಾಕ್ಷಸ ಬಿದ್ದ ಕೂಡಲೇ ಆಟ ನೋಡುತ್ತಿದ್ದ ಹೆಂಗಸರು ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ನೆಮ್ಮದಿಯಿಂದ ಮನೆಗೆ ನಡೆಯುತ್ತಿದ್ದರು.

ರಾಜನ ಪಾತ್ರ ಮಾರುತೇಶನದು. ರಸಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಅವನು ಮೂಕಣ್ಣನಿಗೆ ಇದ್ದ ಒಬ್ಬನೇ ಗೆಳೆಯ. ಮೂಕಣ್ಣನ ಹೆಂಡತಿ ಜಂಬವ್ವ ಸತ್ತು ಬಹಳ ವರ್ಷವಾಗಿತ್ತು. ಮಗಳು ಕಾವ್ಯಳನ್ನು ಸಂಡೂರು ತಾಲೂಕಿನ ಬಂಡ್ರಿ ಎಂಬ ಊರಿಗೆ ಕೊಟ್ಟಾಗಿತ್ತು. ಅಷ್ಟು ದೊಡ್ಡ ದನಿಯವನು ಮನೆಗೆ ಹೋದರೆ ಮಾತೇ ಇಲ್ಲ. ಅದಕ್ಕೇ ಸಂಜೆಯಾದರೆ ಮಾರುತೇಶನ ಅಂಗಡಿಯ ಮುಂದೆ ಬಂದು ಕೂರುತ್ತಿದ್ದ. ದಾರಿಯಲ್ಲಿ ಹೋಗುವ ಮಕ್ಕಳು ಅವನನ್ನು ಕಂಡು ಅವ್ವನ ಸೆರಗಿನ ಹಿಂದೆ ಅಡಗುತ್ತಿದ್ದವು. ಮೂಕಣ್ಣ ಹುಬ್ಬು ಏರಿಸಿ ಅವನ್ನು ಇನ್ನಷ್ಟು ಹೆದರಿಸುತ್ತಿದ್ದ. ಜನ ತನಗೆ ಹೆದರುವುದು ಅವನಿಗೆ ಇಷ್ಟವಾಗಿತ್ತು. ಬೇರೆ ಯಾವ ಕಾರಣಕ್ಕೂ ಯಾರೂ ಅವನನ್ನು ತಿರುಗಿ ನೋಡುತ್ತಿರಲಿಲ್ಲ.

ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ವರ್ಷ ಅದು. ಯಾವುದೋ ದೇಶದ, ಯಾವುದೋ ಸತ್ತ ಮಕ್ಕಳ ಚಿತ್ರಗಳನ್ನು ತೋರಿಸಿ, ನಮ್ಮ ಕಡೆಯೇ ನಡೆದದ್ದು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಕಂಪ್ಲಿ ಬಸ್ಸಿನಿಂದ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ಇಳಿದ. ಕೇಳಿದ್ದಕ್ಕೆ ಕನ್ನಡದಲ್ಲೂ ಹೇಳಲಿಲ್ಲ, ತೆಲುಗಿನಲ್ಲೂ ಹೇಳಲಿಲ್ಲ. ಮರದ ಕಟ್ಟೆಯ ಮೇಲೆ ಕೂತು ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ. ಎದುರಿಗೆ ನಿಂತು ನೋಡುತ್ತಿದ್ದ ಒಂದು ಮಗುವಿಗೆ ಒಂದು ಬಿಸ್ಕತ್ತು ಕೊಟ್ಟ. ಅಷ್ಟು ಸಾಕಾಯಿತು.

ಮೂಕಣ್ಣ ಗದ್ದೆಯಲ್ಲಿದ್ದ. ಮಾರುತೇಶನ ಫೋನು ಬಂತು.

"ಜಲ್ದಿ ಬಾ ಮೂಕಣ್ಣ, ಸಿಕ್ಕಾನ. ಮಕ್ಕಳ ಕಳ್ಳ."

ಮೂಕಣ್ಣ ಬಡಿಗೆ ಹಿಡಿದು ಓಡಿದ. ಹೊಡೆಯಬೇಕೆಂದೇ ಓಡಿದ. ಬಂಡ್ರಿಯ ಮೊಮ್ಮಗಳು ಕಣ್ಣಮುಂದೆ ಬಂದಿದ್ದಳು. ಕಟ್ಟೆಯ ಸುತ್ತ ಊರೇ ನೆರೆದಿತ್ತು. ಅವನನ್ನು ಕಂಡು ಯಾರೋ, "ದಾರಿ ಬಿಡ್ರಲೇ, ರಾಕ್ಷಸ ಬಂದ!" ಎಂದರು. ಜನ ನಗುತ್ತ ಸರಿದು ದಾರಿ ಮಾಡಿಕೊಟ್ಟರು. ನಡುವೆ ಆ ಮನುಷ್ಯ ಬಿದ್ದಿದ್ದ. ಅಂಗಿ ಹರಿದಿತ್ತು, ಒಂದು ಕಣ್ಣು ರಕ್ತದಲ್ಲಿ ಮುಚ್ಚಿಹೋಗಿತ್ತು. ಎದುರಿಗೆ ಬಂದು ನಿಂತವನು ಯಾರೆಂದು ಅವನಿಗೇನು ಗೊತ್ತು? ತೆವಳಿ ಬಂದು ಮೂಕಣ್ಣನ ಎರಡೂ ಕಾಲು ತಬ್ಬಿ ಹಿಡಿದ.

ಹಾಗೆ ಯಾರೂ ಎಂದೂ ಮೂಕಣ್ಣನನ್ನು ಹಿಡಿದಿರಲಿಲ್ಲ. ಬಡಿಗೆ ಎತ್ತಿದ ಕೈ ಕೆಳಗಿಳಿಯಿತು.

"ಬಿಡ್ರಿ, ಸಾಕು ಬಿಡ್ರಿ," ಎಂದ. ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಒಂದು ಕಲ್ಲು ಬಂತು. ಆಗ ಮೂಕಣ್ಣ ಕಾಲು ಅಗಲಿಸಿ ನಿಂತು, ಆಟದಲ್ಲಿ ಪರದೆಯ ಹಿಂದಿನಿಂದ ಹಾಕುತ್ತಿದ್ದ ಆ ಕೂಗನ್ನು ಹಾಕಿದ. ಕಟ್ಟೆಯ ಮರದ ಹಕ್ಕಿಗಳೆಲ್ಲ ಎದ್ದವು. ಜನ ಒಂದು ಗಳಿಗೆ ಸುಮ್ಮನಾದರು. ಆಮೇಲೆ ತಿಪ್ಪೇಶ ಎಂಬವನು, "ಡೈಲಾಗ್ ಹೊಡಿತಾನ ನೋಡ್ರಲೇ!" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಗುತ್ತಲೇ ಮತ್ತೆ ಮುಂದೆ ಬಂದರು.

ಅವರು ತನಗೆ ಎಂದೂ ಹೆದರಿರಲಿಲ್ಲ ಎಂಬುದು ಮೂಕಣ್ಣನಿಗೆ ಆಗ ತಿಳಿಯಿತು. ಬೇರೇನೂ ತೋಚದೆ ಆ ಮನುಷ್ಯನ ಮೇಲೆ ಬೋರಲು ಬಿದ್ದು ಮಲಗಿಬಿಟ್ಟ. ಪೊಲೀಸ್ ಜೀಪು ಬರುವವರೆಗೆ ಏಟುಗಳು ಅವನ ಬೆನ್ನಿಗೆ ಬಿದ್ದವು. ತಲೆ ಹೊರಳಿಸಿ ನೋಡಿದಾಗ ಹೊಡೆಯುತ್ತಿದ್ದವರಲ್ಲಿ ಮಾರುತೇಶನೂ ಇದ್ದ. ಅವನ ಮುಖ ಗುರುತು ಸಿಗದಷ್ಟು ಬೇರೆಯಾಗಿತ್ತು.

ಇಬ್ಬರನ್ನೂ ಹೊಸಪೇಟೆಯ ದವಾಖಾನೆಗೆ ಸೇರಿಸಿದರು. ಸಂಡೂರಿನ ಗಣಿಯಲ್ಲಿ ದುಡಿಯುವ ತಮ್ಮನನ್ನು ಹುಡುಕಿ ಒಡಿಶಾದಿಂದ ಬಂದಿದ್ದ ಆ ಮನುಷ್ಯ ತಪ್ಪು ಬಸ್ಸು ಹತ್ತಿದ್ದನಂತೆ. ಅಕ್ಕಪಕ್ಕದ ಮಂಚದಲ್ಲಿ ಮಲಗಿದ್ದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಮೂಕಣ್ಣ ಬಾಳೆಹಣ್ಣು ಸುಲಿದು ಕೊಟ್ಟರೆ ಅವನು ತಿನ್ನುತ್ತಿದ್ದ. ಯಾರಾದರೂ ಬಾಗಿಲು ತಳ್ಳಿದರೆ ಮಾತ್ರ ಬೆಚ್ಚಿ ಗೋಡೆಗೆ ಅಂಟುತ್ತಿದ್ದ. ತಮ್ಮ ಬಂದು ಅವನನ್ನು ಕರೆದುಕೊಂಡು ಹೋದ ದಿನ ಮೂಕಣ್ಣ ನಿದ್ದೆಯಲ್ಲಿದ್ದ. ಎದ್ದಾಗ ಮಂಚ ಖಾಲಿಯಾಗಿತ್ತು.

ಪೊಲೀಸರು ಬಂದು ಯಾರು ಯಾರು ಹೊಡೆದರು ಎಂದು ಕೇಳಿದಾಗ ಮೂಕಣ್ಣ ಕಂಡವರ ಹೆಸರನ್ನೆಲ್ಲ ಹೇಳಿದ.

ಊರಿಗೆ ಮರಳಿದ ಮರುದಿನ ಮಾರುತೇಶ ಮನೆಗೆ ಬಂದ. ಒಳಗೆ ಬರಲಿಲ್ಲ.

"ನನ್ನ ಹೆಸರೂ ಹೇಳಿಯಂತಲ್ಲ?"

"ಹೇಳೀನಿ."

"ಎಲ್ರೂ ಹೊಡದ್ರಲ್ಲೋ, ನಾನೊಬ್ಬನ ಏನು?"

"ಎಲ್ರ ಹೆಸರೂ ಹೇಳೀನಿ. ಬಡಿಗಿ ಹಿಡಕೊಂಡು ನಾನೂ ಓಡಿದ್ದೆ ಅಂತಾನೂ ಹೇಳೀನಿ."

"ಮಕ್ಕಳ ಕಳ್ಳ ಅಂದ್ಕೊಂಡಿದ್ವಿ. ನಮ್ಮ ಮಕ್ಕಳ ಸಲುವಾಗಿ ಹೊಡದ್ವಿ."

"ನೀವು ನಗತಿದ್ರಿ ಮಾರುತೇಶ," ಎಂದ ಮೂಕಣ್ಣ.

ಮಾರುತೇಶ ಹೊಸ್ತಿಲಿನಿಂದಲೇ ತಿರುಗಿ ಹೊರಟುಹೋದ.

ಮೂಕಣ್ಣನಿಗೆ ಊರಲ್ಲಿ ಯಾರೂ ಬಹಿಷ್ಕಾರ ಹಾಕಲಿಲ್ಲ, ಯಾರೂ ಬೈಯಲಿಲ್ಲ. ಹೋಟೆಲಿನಲ್ಲಿ ಚಹಾ ಕೊಡುತ್ತಿದ್ದರು. ಅವನು ಕೂತ ಬೆಂಚಿನಿಂದ ಉಳಿದವರು ಎದ್ದು ಹೋಗುತ್ತಿದ್ದರು. ಗದ್ದೆಯ ಯಜಮಾನ ಈ ಸಲ ನೀರು ಕಟ್ಟಲು ಬೇರೆಯವರನ್ನು ಗೊತ್ತು ಮಾಡಿದ್ದೇನೆ ಎಂದ. ಒಂದು ಸಲ ಮಾರುತೇಶನ ಹೆಂಡತಿ ಎರ್ರಮ್ಮ ಬಾವಿಯ ಹತ್ತಿರ ಸಿಕ್ಕಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಬೆನ್ನು ಹೆಂಗೈತಣ್ಣ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಸರಸರ ನಡೆದಳು.

ಆಟದ ಕಾಲ ಹತ್ತಿರ ಬಂದಾಗ ಕೊಟ್ರಬಸಪ್ಪ ಮಾಸ್ತರರು ತಾವೇ ಬಂದರು. ಮೂಕಣ್ಣ ಚಾಪೆ ಹಾಸಿದ. ಮುದುಕರಿಗೆ ಮಾತು ಶುರುಮಾಡಲು ಕಷ್ಟವಾಯಿತು.

"ಮಾರುತೇಶ ನಿನ್ನೆದುರು ನಿಲ್ಲಾದಿಲ್ಲ ಅಂತಾನಪ್ಪ. ಈ ವರ್ಷ ತಿಪ್ಪೇಶಗ ಪಾತ್ರ ಕೊಡಬೇಕಂತ ಊರವರು…"

"ಕೊಡ್ರಿ ಮಾಸ್ತರ. ನಾನೂ ನಿಲ್ಲಾದಿಲ್ಲ." ಚಹಾ ತಂದಿಟ್ಟು ಮೂಕಣ್ಣ ಕೇಳಿದ: "ಆ ರಾಕ್ಷಸ ಮಾಡಿದ್ದಾದ್ರೂ ಏನ್ರಿ? ತನ್ನ ಅಡವಿಯಾಗ ತಾನಿದ್ದ. ಇವರು ಬಂದು ಮರ ಕಡದ್ರು."

"ಮನುಷ್ಯರನ್ನ ತಿಂತಿದ್ನಲ್ಲೋ."

"ಹಂಗಂತ ಬರದೋರು ಪಟ್ಟಣದಾಗಿನೋರು ಹೌದಲ್ರಿ?"

ಮಾಸ್ತರರು ಚಹಾದ ಲೋಟ ಕೈಗೆತ್ತಿಕೊಂಡರು. "ಹಳೇ ಪುರಾಣಪ್ಪ. ಬರದಿದ್ದು ಹಂಗೈತಿ. ಅಡವಿಯಾಗಿರೋರು ರಾಕ್ಷಸರು, ಊರಾಗಿರೋರು ಮನುಷ್ಯರು. ನಮ್ಮ ತಾತ ಹಂಗ ಪದ ಕಟ್ಟಿದ, ನಾನು ಹಂಗ ಕಲಿಸಿದೆ."

"ಊರಾಗಿನ ರಾಕ್ಷಸನ ಕಥಿ ಯಾವ ಪುರಾಣದಾಗೂ ಇಲ್ಲೇನ್ರಿ?"

"ಇದ್ರ ಅದನ್ನ ಆಡಾಕ ಯಾವ ಊರು ಕರೀತೈತಿ?" ಎಂದರು ಮಾಸ್ತರರು. ಚಹಾ ಕುಡಿದು, ಅವನ ತಲೆಯ ಮೇಲೆ ಕೈಯಿಟ್ಟು, ಎದ್ದರು.

ಮೂಕಣ್ಣ ಮನೆಗೆ ಬೀಗ ಹಾಕಿ ಕಂಪ್ಲಿಗೆ ಬಂದ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಕೆಲಸ ಸಿಕ್ಕಿತು. ಗಿರಣಿಯ ಹಿಂದೆ ತಗಡಿನ ಕೋಣೆ. ಬೆನ್ನಿನ ಒಂದು ಕಡೆ ಸರಿಯಾಗಿರಲಿಲ್ಲ, ಇನ್ನೊಂದು ಕಡೆಗೆ ಭಾರ ಕೊಟ್ಟು ಹೊರುವುದನ್ನು ರೂಢಿ ಮಾಡಿಕೊಂಡ. ಆಟ ನಡೆದ ದಿನ ಊರಿಗೆ ಹೋಗಲಿಲ್ಲ.

ಮೊಕದ್ದಮೆ ಹೊಸಪೇಟೆಯಲ್ಲಿ ಕೆಲವು ವರ್ಷ ನಡೆಯಿತು. ಪೆಟ್ಟು ತಿಂದವನು ಒಡಿಶಾದಿಂದ ತಿರುಗಿ ಬರಲೇ ಇಲ್ಲ. ಊರಿನ ಸಾಕ್ಷಿಗಳೆಲ್ಲ ತಾವು ಏನೂ ಕಂಡಿಲ್ಲ ಎಂದರು. ಮೂಕಣ್ಣನೊಬ್ಬನೇ ಕಂಡದ್ದನ್ನು ಕಂಡಂತೆ ಹೇಳಿದ. ಎದುರು ವಕೀಲರು, "ನೀವು ಬಯಲಾಟದಲ್ಲಿ ಪಾತ್ರ ಮಾಡುವವರಲ್ಲವೇ? ಅಭಿನಯ ಚೆನ್ನಾಗಿ ಬರುತ್ತದಲ್ಲವೇ?" ಎಂದು ಕೇಳಿದರು. ಎಲ್ಲರೂ ಖುಲಾಸೆಯಾದರು.

ತೀರ್ಪಿನ ದಿನ ಹೊರಗೆ ಪೇಡೆ ಹಂಚುತ್ತಿದ್ದರು. ಮಾರುತೇಶ ಗುಂಪಿನಿಂದ ಸ್ವಲ್ಪ ದೂರ ನಿಂತಿದ್ದ. ತಲೆ ಬೆಳ್ಳಗಾಗಿತ್ತು. ಮೂಕಣ್ಣ ಹತ್ತಿರ ಬಂದಾಗ, "ಆಟ ಬಿಟ್ಟೀನಿ," ಎಂದ ಮಾರುತೇಶ, ಬೇರೆಲ್ಲೋ ನೋಡುತ್ತ. "ಕಿರೀಟ ಇಟ್ಕೊಂಡು ಧರ್ಮ ಅನ್ನಾಕ ಹೋದ್ರ ನಾಲಿಗಿ ಏಳವಲ್ದು."

ಮೂಕಣ್ಣನಿಗೆ ಅವನ ಹೆಗಲ ಮೇಲೆ ಕೈ ಹಾಕಬೇಕೆನಿಸಿತು. ಅಷ್ಟರಲ್ಲಿ ಗುಂಪಿನಿಂದ ಯಾರೋ ಮಾರುತೇಶನನ್ನು ಕರೆದರು. ಅವನು ಹೋಗಿಬಿಟ್ಟ. ಆಮೇಲೆ ಇಬ್ಬರೂ ಮಾತಾಡಲಿಲ್ಲ.

ಮಗಳು ಕಾವ್ಯ ಅಪ್ಪನನ್ನು ಬಂಡ್ರಿಗೆ ಕರೆಸಿಕೊಂಡಳು. "ಇಲ್ಲೇ ಇರಪ್ಪ, ಅಲ್ಲಿ ನಿನಗ ಯಾರದಾರ?" ಎಂದು ಅತ್ತಳು. ಅವನು ಕೆಲವು ದಿನ ಇದ್ದ. ಗಣಿಯಿಂದ ಬಂದ ಕೂಲಿಗಳು ಸಂಜೆ ಅಂಗಡಿಯ ಮುಂದೆ ತಮ್ಮ ಭಾಷೆಯಲ್ಲಿ ಮಾತಾಡುತ್ತ ನಿಂತಿರುತ್ತಿದ್ದರು. ಆ ಒಡಿಶಾದವನು ಇವರಲ್ಲಿದ್ದಾನೇನೋ ಎಂದು ಮೂಕಣ್ಣ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋಗುತ್ತಿದ್ದ. ಅವನು ಹಾಗೆ ನೋಡುವುದು ಕಂಡು ಅವರು ಮಾತು ನಿಲ್ಲಿಸಿ, ಹೆದರಿ, ಸರಿದುಕೊಳ್ಳುತ್ತಿದ್ದರು. ಅದನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಮಗಳಿಗೆ ಏನೋ ನೆಪ ಹೇಳಿ ಕಂಪ್ಲಿಗೆ ಮರಳಿದ.

ಈಗಲೂ ಅಲ್ಲೇ ಇದ್ದಾನೆ. ರಜೆಯ ದಿನ ಹೊಳೆಯ ದಂಡೆಗೆ ಹೋಗಿ ಬಟ್ಟೆ ಒಗೆದು, ಬಂಡೆಯ ಮೇಲೆ ಹರಡಿ, ಒಣಗುವವರೆಗೆ ಕೂತಿರುತ್ತಾನೆ. ಗಿರಣಿಯಲ್ಲಿ ಅವನ ಹಿಂದಿನ ಬದುಕು ಯಾರಿಗೂ ಗೊತ್ತಿಲ್ಲ. ಹೊಸದಾಗಿ ಬಂದ ದುರುಗಣ್ಣ ಎಂಬ ಹಮಾಲಿ ಒಂದು ದಿನ ಬುತ್ತಿ ಬಿಚ್ಚುತ್ತ, "ನಿಮ್ದು ಯಾವೂರಣ್ಣ?" ಎಂದು ಕೇಳಿದ.

ಮೂಕಣ್ಣ ತುತ್ತು ನುಂಗಿ, "ಬಂಡ್ರಿ ಕಡೆ" ಎಂದ.