ಗೋಲ್‌ಕೀಪರನ ಎಡಮೊಣಕಾಲು

ನಾನು ಅಮೆರಿಕದ ಆನ್ ಆರ್ಬರಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಉಕ್ರೇನಿನ ಗೋಲ್‌ಕೀಪರ್ ಒಬ್ಬ ಊರುಗೋಲು ಹಿಡಿದು ನನ್ನ ಬಳಿ ಬಂದಾಗ ಹೊರಗೆ ಹಿಮ ಬೀಳುತ್ತಿತ್ತು. ತನ್ನ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗಿನಲ್ಲಿ ಆಡುತ್ತಿದ್ದವನು. ಯುದ್ಧ ಬಂದು ಲೀಗ್ ನಿಂತಾಗ ಸೈನ್ಯ ಸೇರಿದ. ಶೆಲ್ಲಿನ ಚೂರುಗಳು ಎಡಮೊಣಕಾಲಿಗೆ ಹೊಕ್ಕಿದ್ದರಿಂದ ಸೈನ್ಯ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿತು. ಪಕ್ಕದ ಊರು ಪ್ಲಿಮತ್‌ನಲ್ಲಿದ್ದ ಅಕ್ಕ ಇಲ್ಲಿಗೆ ಕರೆಸಿಕೊಂಡು ಆಪರೇಷನ್ ಮಾಡಿಸಿದ್ದಳು.

ಅರೆಬರೆ ಇಂಗ್ಲಿಷಿನಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, “ಡೈವ್ ಹೊಡೆಯೋದು ಯಾವಾಗ?”

“ಮೊದಲು ಕಾಲು ಮಡಚೋಣ,” ಅಂದೆ.

ಮಂಡಿ ಮರದ ಕೊರಡಿನಂತೆ ಬಿಗಿದುಕೊಂಡಿತ್ತು. ನಾನು ಭಾರ ಹಾಕಿ ಒತ್ತಿದರೆ ಟವೆಲ್ ಕಚ್ಚಿ ಹಿಡಿಯುತ್ತಿದ್ದ, ಸಾಕು ಎಂದವನಲ್ಲ. ತಿಂಗಳುಗಳ ಮೇಲೆ ವ್ಯಾಯಾಮದ ಸೈಕಲ್ ಹತ್ತಿದ. ಹ್ಯಾಂಡಲಿಗೆ ಫೋನ್ ಒರಗಿಸಿಕೊಂಡು ತನ್ನ ಕ್ಲಬ್ಬಿನ ಆಟ ನೋಡುತ್ತ ತುಳಿಯುತ್ತಿದ್ದ. ಲೀಗ್ ಮತ್ತೆ ಶುರುವಾಗಿತ್ತು, ಪ್ರೇಕ್ಷಕರಿಲ್ಲದೆ. ನಡುವೆ ಸೈರನ್ ಕೂಗಿದರೆ ಆಟಗಾರರೆಲ್ಲ ನೆಲಮಾಳಿಗೆಗೆ ಓಡುವರು. ಪರದೆಯ ಮೇಲೆ ಬರೀ ಹುಲ್ಲು. ಇವನು ಮಾತ್ರ ತುಳಿಯುತ್ತಲೇ ಇರುವನು.

ಒಮ್ಮೆ ಕೇಳಿದೆ, “ನಿನ್ನ ಜಾಗದಲ್ಲಿ ನಿಂತಿರೋ ಹುಡುಗ ಯಾರು?”

“ಅವನು ಮೂರನೆಯವನು. ಎರಡನೆಯವನು ಸತ್ತ. ನನ್ನ ಗ್ಲೌಸ್ ಅವನಿಗೇ ಕೊಟ್ಟು ಹೋಗಿದ್ದೆ.”

ಹೊಸ ಸ್ಕ್ಯಾನ್ ನೋಡಿದ ಸರ್ಜನ್ ಇನ್ನು ಆಟವಿಲ್ಲ ಎಂದುಬಿಟ್ಟರು. ಅವನಿಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ವಿಷಯ ತೆಗೆದೆ.

ಧಾರವಾಡ ಕಡೆಯವರಾದ ನಮ್ಮ ಯಜಮಾನರು ಅಂದರು, “ಹೇಳಿಬಿಡು. ಸುಮ್ನ ಆಸೆ ಹಚ್ಚಿ ಕುಂದ್ರಸಬ್ಯಾಡ.”

“ನಿಮಗೇನ್ರೀ, ಅವನ ಮುಖ ನೋಡ್ಕೊಂಡು ಹೇಳ್ಬೇಕಾಗಿರೋಳು ನಾನು.”

ಮರುದಿನ ಹೇಳಿದೆ. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಕಾರ್ ಡ್ರೈವ್ ಮಾಡಬಹುದು, ಗೋಲಿನಲ್ಲಿ ನಿಲ್ಲಲಾಗದು. ಅವನು ಕೂಗಾಡಲಿಲ್ಲ. ಮಂಡಿಯ ಮೇಲಿನ ಗಾಯದ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿಕೊಂಡ. ಆಮೇಲೆ, “ಇವತ್ತಿನ ಎಕ್ಸರ್‌ಸೈಜ್ ಮುಗಿಸೋಣ” ಎಂದು ಎದ್ದ. ಮತ್ತೆ ಬರಲಿಲ್ಲ.

ಹಿಮ ಕರಗಿದ ಮೇಲೆ ಅವನ ಅಕ್ಕ ಊರುಗೋಲುಗಳನ್ನು ಹಿಂತಿರುಗಿಸಲು ಬಂದಳು. ತಮ್ಮ ಉಕ್ರೇನಿಗೆ ವಾಪಸಾಗಿದ್ದಾನೆ, ಯುದ್ಧ ನಡೆಯುತ್ತಿರುವ ಗಡಿಯ ಹತ್ತಿರ ಆಂಬುಲೆನ್ಸ್ ಓಡಿಸುತ್ತಾನೆ ಎಂದಳು. ಗಾಡಿ ಹಳೆಯದಂತೆ, ಕ್ಲಚ್ ಒತ್ತುವಷ್ಟು ಎಡಗಾಲು ಮಡಚುತ್ತದಂತೆ.

ಆ ಕಾಲನ್ನು ಮಡಚಿಸಿದವಳು ನಾನು.

“ಇನ್ನೊಂದಷ್ಟು ದಿನ ಅವನಿಗೆ ಸುಳ್ಳು ಹೇಳಬಹುದಿತ್ತು ನೀವು,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಆಡ್ತೀನಿ ಅನ್ನೋ ಆಸೆಗಾದರೂ ಇಲ್ಲೇ ಇರ್ತಿದ್ದ.”

ಅವಳು ಕಾರು ಹತ್ತಿ ಹೊರಟುಹೋದಳು. ಊರುಗೋಲುಗಳನ್ನು ಒರೆಸಿ ಒಳಗಿಟ್ಟೆ. ಮುಂದಿನ ಪೇಷೆಂಟ್ ಕಾಯುತ್ತಿದ್ದರು.