ಮಂಚದಣ್ಣ ಮಾರಲು ಒಲ್ಲದ ಸೋಫಾ

ಆ ದೊಡ್ಡಂಗಡಿಯ ಎರಡನೇ ಮಹಡಿಯಲ್ಲಿ ಮಂಚದಣ್ಣನ ಕೈಗೆ ಸಿಕ್ಕ ಗಿರಾಕಿ ಬರಿಗೈಯಲ್ಲಿ ಕೆಳಗಿಳಿದದ್ದನ್ನು ಕಂಡವರಿಲ್ಲ. ಮಂಚ, ಬೀರು, ತೊಟ್ಟಿಲು, ಊಟದ ಮೇಜು, ಯಾವುದಾದರೂ ಸರಿ, ಅವನು ಗುಣಗಾನ ಶುರುಮಾಡಿದರೆ ಕೇಳುವವರು ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಹಾಗಂತ ಬುರುಡೆ ಬಿಡುವ ಆಸಾಮಿಯಲ್ಲ. ಇದ್ದದ್ದನ್ನೇ ಹೇಳುತ್ತಿದ್ದ, ರಸವತ್ತಾಗಿ ಹೇಳುತ್ತಿದ್ದ. “ಅಮ್ಮಾ, ಈ ಮಂಚ ಕಿರ್ ಅನ್ನಲ್ಲ. ನಿಮ್ಮ ಯಜಮಾನ್ರು ಗೊರಕೆ ಹೊಡೆದ್ರೆ ಅದಕ್ಕೆ ಕಂಪನಿ ಜವಾಬ್ದಾರಿ ಇಲ್ಲ” ಎಂದರೆ ಗಂಡ ಹೆಂಡತಿ ಇಬ್ಬರೂ ನಕ್ಕು, ರಸೀದಿ ಬರೆಸಿಯೇ ಹೋಗುತ್ತಿದ್ದರು.

ಅಂಗಡಿಯೂ ಅಂಥಿಂಥದ್ದಲ್ಲ. ಏಳೆಂಟು ಊರುಗಳಲ್ಲಿ ಅದೇ ಹೆಸರು, ಅದೇ ಕೆಂಪು ಬಾಗಿಲು. ಕೆಳಗೆ ಬಟ್ಟೆ, ಅದರ ಮೇಲೆ ಪಾತ್ರೆ ಪಡಗ, ಅದರ ಮೇಲೆ ಮರದ ಸಾಮಾನು. ಒಳಗೆ ಕಾಲಿಟ್ಟರೆ ಹೊಸ ಬಟ್ಟೆಯ ಗಂಜಿ ವಾಸನೆ, ಮೆಟ್ಟಿಲು ಹತ್ತಿದಂತೆ ವಾರ್ನಿಷಿನ ವಾಸನೆ. ಮದುವೆಗೆ ಮಂಚ ಕೊಂಡವರು ವರ್ಷ ತುಂಬುವುದರೊಳಗೆ ತೊಟ್ಟಿಲಿಗೆ ಬರುತ್ತಿದ್ದರು. ಆ ತೊಟ್ಟಿಲಿನ ಕೂಸೇ ಮುಂದೆ ಅಪ್ಪನ ಕೈ ಹಿಡಿದುಕೊಂಡು ಓದುವ ಮೇಜಿಗೆ ಬರುತ್ತಿತ್ತು. ಈಗ ಬಿಡಿ, ಹಾಸಿಗೆಯನ್ನೂ ಫೋನಿನಲ್ಲೇ ತರಿಸುತ್ತಾರೆ, ಒಂದು ಸಲ ಮಲಗಿಯೂ ನೋಡದೆ! ಒಂದೊಂದೇ ಊರಿನ ಕೆಂಪು ಬಾಗಿಲು ಮುಚ್ಚಿ, ಕೊನೆಗೆ ಈ ಬಾಗಿಲಿಗೂ ಸರದಿ ಬಂತು. ‘ಎಲ್ಲವೂ ಮಾರಾಟಕ್ಕಿದೆ’ ಎಂಬ ಬ್ಯಾನರು ಕಟ್ಟಿದ್ದೇ ತಡ, ಇಷ್ಟು ವರ್ಷ ಎಲ್ಲಿ ಅಡಗಿದ್ದರೋ, ಜನ ಮುಗಿಬಿದ್ದರು.

ಮಂಚದಣ್ಣನ ಕಣ್ಣು ಮಾತ್ರ ಕಿಟಕಿ ಪಕ್ಕದ ಹಸಿರು ಸೋಫಾದ ಮೇಲಿತ್ತು. ಅದು ಇಷ್ಟು ದಿನ ಮಾರುವ ಸರಕಾಗಿರಲಿಲ್ಲ, ಮಾದರಿ. ಅದನ್ನು ನೋಡಿ ಹೇಳಿದರೆ ಕಂಪನಿಯ ಬಡಗಿಗಳು ಅಂಥದ್ದೇ ಇನ್ನೊಂದು ಮಾಡಿಕೊಡುತ್ತಿದ್ದರು. ಅವನ ಹೆಂಡತಿ ಮದುವೆಯಾದ ಹೊಸದರಿಂದಲೂ ವಾರಕ್ಕೊಂದು ಸಂಜೆ ಬಂದು, ಗಿರಾಕಿಯ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಕೂರುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಗಂಡನ ಜೊತೆ ಹೊರಡುತ್ತಿದ್ದಳು. ಪಾಪ, ಅವಳಿಗೆ ಆ ಸೋಫಾ ಎಂದರೆ ಪ್ರಾಣ ಎಂದುಕೊಂಡಿದ್ದ ಮಂಚದಣ್ಣ. ಊರಿಗೆಲ್ಲ ಮೆತ್ತನೆಯ ಆಸನ ಹಂಚಿದೆ, ನನ್ನವಳಿಗೆ ಒಂದು ಕೊಡಿಸಲಾಗಲಿಲ್ಲವಲ್ಲ ಎಂಬ ಕೊರಗು ಅವನಿಗೆ.

ಅಷ್ಟರಲ್ಲಿ ಮ್ಯಾನೇಜರ್ ಮೇಡಂ ಎಲ್ಲರನ್ನೂ ಕರೆದು, “ಕೊನೇ ದಿನ ಏನು ಉಳಿಯುತ್ತೋ ಅದರಲ್ಲಿ ಒಬ್ಬೊಬ್ರು ಒಂದೊಂದು ತಗೊಂಡು ಹೋಗಿ” ಎಂದರು. ಸೋಫಾ ಅಲ್ಲಿಯವರೆಗೆ ಉಳಿದರೆ ಮಂಚದಣ್ಣ ಗೆದ್ದ.

ಅಲ್ಲಿಂದ ಶುರುವಾಯಿತು ನೋಡಿ ಅವನ ಪೇಚಾಟ! ಜೀವಮಾನವೆಲ್ಲ ಮಾರಿದವನಿಗೆ ಮಾರದೆ ಇರುವುದು ಹೇಗೆಂದು ಗೊತ್ತಿದ್ದರೆ ತಾನೇ? ಸೋಫಾವನ್ನು ಬೀರುಗಳ ಹಿಂದಕ್ಕೆ ತಳ್ಳಿ, ಮೇಲೆ ಹಾಸಿಗೆ ಸುರುಳಿ ಪೇರಿಸಿಟ್ಟ. ಜನ ಅದನ್ನೂ ಸರಿಸಿ ನೋಡಿದರು.

“ಇದು ತುಂಬಾ ಭಾರ ಸಾರ್, ನಾಲ್ಕು ಜನ ಎತ್ಬೇಕು” ಎಂದ ಒಬ್ಬನಿಗೆ.

“ಹಾಗಾದ್ರೆ ಗಟ್ಟಿ ಮರ ಅನ್ನಿ!”

“ಹಳೇದು ಸಾರ್. ಎಷ್ಟೋ ಜನ ಕೂತು ಎದ್ದಿದ್ದಾರೆ.”

“ಅಷ್ಟು ಜನ ಕೂತ್ರೂ ಹೀಗಿದ್ಯಾ? ಭೇಷ್!”

ಸುಳ್ಳು ಹೇಳಲು ನಾಲಿಗೆ ತಿರುಗದು, ನಿಜ ಹೇಳಿದರೆ ಸೋಫಾದ ಬೆಲೆ ಏರುತ್ತದೆ. ಕೊನೆಗೆ, “ನಿಮ್ಮ ಬಾಗಿಲಲ್ಲಿ ಇದು ಹಿಡಿಯುತ್ತೋ ಇಲ್ವೋ ಸಾರ್, ಮೊದಲು ಅಳತೆ ತನ್ನಿ” ಎಂದು ಬಂದವರನ್ನೆಲ್ಲ ಸಾಗಹಾಕಿದ. ಅಂತೂ ಇಂತೂ ಕೊನೆಯ ದಿನದವರೆಗೂ ಸೋಫಾ ಉಳಿಯಿತು.

ಆ ಸಂಜೆ ಹೆಂಡತಿಯೂ ಬಂದಳು. ಹಾಸಿಗೆ ಸುರುಳಿ ಇಳಿಸಿ ಅವಳನ್ನು ಕೂರಿಸಿ, ಗುಟ್ಟು ಬಿಟ್ಟುಕೊಡದೆ, ಯಾರದೋ ಬೀರು ವ್ಯಾನಿಗೇರಿಸಲು ಕೆಳಗೆ ಹೋದ. ಏದುಸಿರು ಬಿಡುತ್ತಾ ಹತ್ತಿ ಬಂದರೆ, ಸೋಫಾದ ಕೈಗೆ ‘ಮಾರಾಟವಾಗಿದೆ’ ಎಂಬ ಚೀಟಿ ಕಟ್ಟಿದೆ! ತುಂಬು ಬಸುರಿಯೊಬ್ಬಳು, ಅವಳ ಗಂಡ, ಇಬ್ಬರೂ ರಸೀದಿ ಹಿಡಿದು ನಿಂತಿದ್ದಾರೆ.

“ನಿಮ್ಮ ಮನೆಯವರು ಎಷ್ಟು ಚೆನ್ನಾಗಿ ಹೇಳಿದ್ರು!” ಎಂದಳು ಆ ಹುಡುಗಿ. “ಬೆನ್ನುನೋವಿಗೆ ಹೀಗೆ ಒರಗಬೇಕು, ಮಗು ಮಲಗಿಸೋಕೆ ಹಾಗೆ ಕೂರಬೇಕು ಅಂತೆಲ್ಲ ತೋರಿಸಿಕೊಟ್ರು.”

ಅವರು ಅತ್ತ ಹೋದದ್ದೇ ತಡ, ಮಂಚದಣ್ಣ ಹೆಂಡತಿಯ ಮೇಲೆ ಹರಿಹಾಯ್ದ. “ಎಂಥ ಕೆಲಸ ಮಾಡ್ಬಿಟ್ಟೆ ಕಣೇ! ನಿನಗೇ ಅಂತ ಒದ್ದಾಡಿ ಉಳಿಸಿಕೊಂಡಿದ್ದೆ!”

“ಅಯ್ಯೋ, ನಿಮ್ಮ ತಲೆ! ಸೋಫಾ ಯಾರಿಗ್ರೀ ಬೇಕಾಗಿತ್ತು?” ಎಂದು ಅವಳು ನಕ್ಕಳು. ನಗುತ್ತಲೇ ಧ್ವನಿ ಸಣ್ಣದಾಯಿತು. “ನಾನು ಬರ್ತಿದ್ದದ್ದು ನಿಮ್ಮ ಮಾತು ಕೇಳೋಕೆ. ಇಲ್ಲಿ ಎಷ್ಟು ಮಾತಾಡ್ತೀರ, ಹೇಗೆ ಕೈ ಆಡಿಸ್ತೀರ, ಎಲ್ಲರನ್ನೂ ನಗಿಸ್ತೀರ. ಮನೆಗೆ ಬಂದ್ರೆ ‘ಹೂಂ’, ‘ಊಹೂಂ’, ಅಷ್ಟೇ. ದಣಿದಿರ್ತಾರೆ ಅಂತ ನಾನೂ ಸುಮ್ನಿರ್ತಿದ್ದೆ. ಆಸೆ ಆದಾಗ ಇಲ್ಲಿ ಬಂದು ಕೂತು ಕೇಳ್ತಿದ್ದೆ. ನಾಳೆಯಿಂದ ಎಲ್ಲಿಗೆ ಹೋಗ್ಲಿ, ಹೇಳಿ?”

ಇಡೀ ಮಹಡಿಯನ್ನು ಮಾತಿನಲ್ಲೇ ಮಾರಿದ ಮಂಚದಣ್ಣ ಉಳಿದ ಸಾಮಾನಿನಲ್ಲಿ ಏನನ್ನೂ ಎತ್ತಿಕೊಳ್ಳದೆ, ಅವಳ ಚೀಲ ತಾನು ಹಿಡಿದುಕೊಂಡು ಮೆಟ್ಟಿಲಿಳಿದ.

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹೊದಿಕೆ ಹರಿದು ಸ್ಪ್ರಿಂಗು ಇಣುಕುತ್ತಿತ್ತು. ಹೆಂಡತಿ ಕಿಟಕಿಯಾಚೆ ನೋಡುತ್ತಾ ಕೂತಳು. ಮಂಚದಣ್ಣ ಗಂಟಲು ಸರಿಮಾಡಿಕೊಂಡ.

“ಅಮ್ಮಾ, ಈ ಸೀಟು ನೋಡಿ. ಸುಳ್ಳು ಹೇಳಲ್ಲ, ಸ್ವಲ್ಪ ಚುಚ್ಚುತ್ತೆ. ಆದ್ರೆ ಪಕ್ಕದಲ್ಲಿ ಕೂತಿರೋ ಮನುಷ್ಯ ಇದರ ಜೊತೆ ಬಿಟ್ಟಿ.”

ಅವಳು ಮುಖ ತಿರುಗಿಸದೆಯೇ ತುಟಿ ಕಚ್ಚಿ ನಗು ತಡೆದಳು. “ಆ ಮನುಷ್ಯ ಮಾತಾಡ್ತಾನೋ, ಅಥವಾ ಬರೀ ಜಾಗ ತಿನ್ನೋ ಸಾಮಾನೋ?”

“ಇಷ್ಟು ದಿನ ಕೆಟ್ಟು ಕೂತಿತ್ತು ಅಮ್ಮಾ. ಈಗ ತಾನೇ ರಿಪೇರಿ ಆಗಿದೆ. ಇನ್ಮೇಲೆ ನಿಲ್ಸೋದೇ ಕಷ್ಟ.”

“ಹಾಗಾದ್ರೆ ಮನೆಗೇ ಕಳಿಸಿಕೊಡಿ” ಎಂದಳು ಅವಳು.