ಎತ್ತಿಟ್ಟ ರೊಟ್ಟಿ

ಕಳೆದ ತಿಂಗಳು ನವಿ ಮುಂಬಯಿಯ ಖಾರಘರದಲ್ಲಿ ಹೊಸದಾಗಿ ಏಳುತ್ತಿರುವ ಕಟ್ಟಡವೊಂದರ ಪಕ್ಕ ನಡೆದುಹೋಗುತ್ತಿದ್ದೆ. ಕೆಲಸಗಾರರ ತಗಡಿನ ಶೆಡ್ಡಿನಿಂದ ಜೋಳದ ರೊಟ್ಟಿಯ ವಾಸನೆ ಬಂತು. ಹಂಚಿನಿಂದ ತೆಗೆದು ಕೆಂಡದ ಮುಂದೆ ನಿಲ್ಲಿಸಿದಾಗ ಅಂಚು ಚೂರು ಸೀದು ಬರುತ್ತದಲ್ಲ, ಆ ವಾಸನೆ. ನಾನು ನಿಂತುಬಿಟ್ಟೆ. ಠಾಣೆಯ ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನ ನಮ್ಮ ಹಳೆಯ ಚಾಳು, ಪಕ್ಕದ ಖೋಲಿ, ಅದರ ಬಾಗಿಲಲ್ಲಿ ಪ್ಲಾಸ್ಟರಿನ ಕಾಲು ಚಾಚಿಕೊಂಡು ರೊಟ್ಟಿ ಬಡಿಯುತ್ತಿದ್ದ ಕಾಕಾ...

ನಾವು ಕರಾವಳಿಯವರು. ಅಪ್ಪ ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲೊಂದರಲ್ಲಿ ಕ್ಯಾಶಿಯರ್, ಮನೆಯಲ್ಲಿ ಮಾತು ತುಳು. ಪಕ್ಕದ ಖೋಲಿಯಲ್ಲಿ ಬಿಜಾಪುರದ ಕಡೆಯ ಹಮಾಲರ ಟೋಳಿ ಇತ್ತು. ಹನ್ನೊಂದು ಜನರ ಗುಂಪು, ಅವರ ಮೇಲೊಬ್ಬ ಮೇಸ್ತ್ರಿ, ಮುಕಾದಮ. ಎಸ್ಟೇಟಿನ ಗೋದಾಮೊಂದರಲ್ಲಿ ಅವರು ಲಾರಿಗೆ ಚೀಲ ತುಂಬುತ್ತಿದ್ದರು. ಅದೇ ಗೋದಾಮಿನಲ್ಲಿ ಚೀಲಗಳ ಲೆಕ್ಕ ಬರೆಯುವ ಕೆಲಸಕ್ಕೆ ಕಾಕಾನ ಕಾಲು ಮುರಿಯುವ ಹಿಂದಿನ ವರ್ಷವಷ್ಟೇ ನಾನು ಸೇರಿದ್ದೆ. ಮನೆಗೆ ಬಂದ ಮೇಲೂ ನನ್ನ ಲೆಕ್ಕ ನಿಲ್ಲುತ್ತಿರಲಿಲ್ಲ. ಯಾವ ದಿನ ಮಳೆ ಬಂತು, ನಲ್ಲಿ ಎಷ್ಟು ಹೊತ್ತು ಬಂತು, ಎಲ್ಲವೂ ಡೈರಿಗೆ ಹೋಗುತ್ತಿತ್ತು. ಇವಳು ಅನ್ನದ ಅಗುಳನ್ನೂ ಬರೆದಿಡುತ್ತಾಳೆ ಎಂದು ಅಮ್ಮ ನೆರೆಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಟೋಳಿಯವರು ಸಂಜೆ ಚಾಳಿನ ವರಾಂಡದಲ್ಲೇ ಊಟಕ್ಕೆ ಕೂರುತ್ತಿದ್ದರು. ನಡುವೆ ಬಿಳಿ ಬಟ್ಟೆ, ಅದರ ಮೇಲೆ ರೊಟ್ಟಿಯ ಅಟ್ಟಿ. ಅಟ್ಟಿಯ ಕಡೆಯ ರೊಟ್ಟಿಯನ್ನು ಮುಕಾದಮ ಕೈಯಾರೆ ಎತ್ತಿ, ಆ ದಿನ ಎಲ್ಲರಿಗಿಂತ ಹೆಚ್ಚು ಚೀಲ ಹೊತ್ತವನ ತಾಟಿಗೆ ಹಾಕುತ್ತಿದ್ದ. ಅದಕ್ಕೆ ಬೇಡ ಎನ್ನುವಂತಿರಲಿಲ್ಲ. ಬೇಡ ಎಂದವನು ಟೋಳಿಯ ಮೇಲೆ ಮುನಿಸಿಕೊಂಡಿದ್ದಾನೆ, ಗಂಟುಮೂಟೆ ಕಟ್ಟುತ್ತಾನೆ ಎಂದೇ ಅರ್ಥ. ನಾನು ನೋಡಿದ ಹೆಚ್ಚಿನ ದಿನಗಳಲ್ಲಿ ಆ ರೊಟ್ಟಿ ಟೋಳಿಯಲ್ಲಿ ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದವರ ತಾಟಿಗೇ ಬೀಳುತ್ತಿತ್ತು. ಅದಕ್ಕೆ ಮೊದಲೇ ಎಂಟು ತಿಂದಿರುತ್ತಿದ್ದರು. ಒಂಬತ್ತನೆಯದನ್ನೂ ಹಸಿದವರ ಹಾಗೆಯೇ ಮುರಿಯುತ್ತಿದ್ದರು.

ಮಳೆಗಾಲದ ಮೊದಲ ವಾರ ಲಾರಿಗೆ ಹಾಕಿದ್ದ ಹಲಗೆ ಜಾರಿ ಅವರು ಚೀಲದ ಸಮೇತ ಬಿದ್ದರು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಟೋಳಿಯ ಪದ್ಧತಿಯಂತೆ ಪೆಟ್ಟಾದವನು ಖೋಲಿಯಲ್ಲಿದ್ದು ಎಲ್ಲರಿಗೂ ಅಡಿಗೆ ಮಾಡಬೇಕು, ಅವನ ಪಾಲು ಅವನಿಗೆ ಸಿಗುತ್ತದೆ. ಆದರೆ ಅದಕ್ಕೆ ದೀಪಾವಳಿಯ ಗಡಿ ಇತ್ತು. ಹಬ್ಬಕ್ಕೆ ಊರಿಗೆ ಹೋದಾಗ ಮುಕಾದಮ ಹೊಸಬರನ್ನು ಕರೆತರುತ್ತಿದ್ದ. ಅಷ್ಟರೊಳಗೆ ಚೀಲ ಹೊರಲಾಗದಿದ್ದರೆ ಆ ಜಾಗ ಇನ್ನೊಬ್ಬನಿಗೆ. ಕಾಕಾನಿಗೆ ಊರಲ್ಲಿ ಹೊಲವಿರಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆ ಪಾಲಿನ ಮೇಲೆಯೇ ಇದ್ದರು.

ಎಲುಬು ಕೂಡಬೇಕೆಂದು ಎಲ್ಲರೂ ಅವರಿಗೆ ತಿನ್ನಿಸಲು ನಿಂತರು. ಕುಸ್ತಿಯ ಪೈಲ್ವಾನನಿಗೆ ಕೊಡುವ ಹಾಗೆ ತುಪ್ಪ, ಬಾದಾಮಿ ಹಾಲು, ರವಿವಾರ ಕಾಲುಸೂಪು, ಊರಿಂದ ಬಂದವರ ಕೈಯಲ್ಲಿ ಶೇಂಗಾ ಹೋಳಿಗೆ. ನಮ್ಮಮ್ಮ ಬಂಗುಡೆ ಸಾರು ಕಳಿಸಿದಳು. ಚೀಲ ಹೊರದಿದ್ದರೂ ಕಡೆಯ ರೊಟ್ಟಿ ದಿನವೂ ಅವರಿಗೇ. ಅದು ಪ್ರೀತಿ, ಬೇರೇನಲ್ಲ. ಕಾಕಾ ಎಲ್ಲವನ್ನೂ ತಿಂದರು.

ಪ್ಲಾಸ್ಟರ್ ಹಾಕಿದ ಡಾಕ್ಟರು ಅವರಿಗೆ ಮೈ ಬಂದದ್ದನ್ನು ಕಂಡು ತೂಕ ನೋಡಿಸಿಕೊಂಡು ಬರಲು ಹೇಳಿದರು. ದವಾಖಾನೆಯ ಕಾಟಾದ ಮೇಲೆ ಒಂಟಿ ಕಾಲಿನಲ್ಲಿ ನಿಲ್ಲಲು ಅವರಿಗೆ ಆಗಲಿಲ್ಲ. ಹಾಗಾಗಿ ಟೋಳಿಯವರು ಕೈಗಾಡಿಯಲ್ಲಿ ಕೂರಿಸಿ ನಮ್ಮ ಗೋದಾಮಿಗೆ ತಂದರು. ಚೀಲ ತೂಗುವ ದೊಡ್ಡ ಕಾಟಾದ ಮೇಲೆ ಕಾಕಾ ಕಾಲು ಚಾಚಿ ಕೂತರು.

"ಅಕ್ಕಾರ, ಈ ಮಾಲಿಗಿ ಚಲನ್ ಬರೀರಿ. ಸೊಲ್ಲಾಪುರಕ್ಕ ಕಳಸೂಣು," ಎಂದ ಮುಕಾದಮ. ಎಲ್ಲರೂ ನಕ್ಕರು.

ನಾನು ಮುಳ್ಳು ನೋಡಿದೆ. ಹಿಂದಿನ ದಸರೆಯಲ್ಲಿ ಕಾಟಾಕ್ಕೆ ಪೂಜೆ ಮಾಡಿ ಎಲ್ಲರೂ ತಮಾಷೆಗೆ ತೂಗಿಸಿಕೊಂಡಿದ್ದರು, ಕಾಕಾನ ಆಗಿನ ತೂಕ ನನಗೆ ನೆನಪಿತ್ತು. ಪ್ಲಾಸ್ಟರಿನ ಭಾರ ಕಳೆದರೂ ಬಹಳ ಹೆಚ್ಚಾಗಿತ್ತು. ಹೇಳಿದೆ. ನಗು ನಿಂತಿತು. ಕಾಕಾ ಮಾತ್ರ ತಮ್ಮ ಹೊಟ್ಟೆಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡರು.

ಡಾಕ್ಟರು ಅಂದದ್ದನ್ನು ಮುಕಾದಮನೇ ಬಂದು ನಮಗೆ ಹೇಳಿದ. ದುಡಿಮೆ ನಿಂತಾಗ ದುಡಿಯುವವನ ಊಟವೂ ನಿಲ್ಲಬೇಕು, ಈಗಷ್ಟೇ ಕೂಡುತ್ತಿರುವ ಕಾಲು ಇಷ್ಟು ಮೈಯನ್ನು ಹೊರಲಾರದು. ಹಾಗೆಂದು ಉಪವಾಸ ಬೀಳಬಾರದು, ಎಲುಬಿಗೆ ಹಾಲು, ಮೊಟ್ಟೆ, ಬೇಳೆಕಾಳು ಬೇಕು. ಮುಕಾದಮನಿಗೆ ಇದು ಅಷ್ಟಾಗಿ ಹಿಡಿಸಿರಲಿಲ್ಲ. ತಿನ್ನದೆ ಎಲುಬು ಹೇಗೆ ಕೂಡುತ್ತದೆ ಎಂದು ಅಪ್ಪನನ್ನೇ ಕೇಳಿದ.

ಆ ಸಂಜೆ ಕಡೆಯ ರೊಟ್ಟಿ ಎಂದಿನಂತೆ ಕಾಕಾನ ತಾಟಿಗೆ ಬಂತು. ಅವರು ಅದನ್ನೆತ್ತಿ ಬಟ್ಟೆಯ ಮೇಲೆ ಮರಳಿ ಇಟ್ಟರು. ಊಟ ಮಾಡುತ್ತಿದ್ದ ಕೈಗಳೆಲ್ಲ ನಿಂತವು.

"ರೊಟ್ಟಿ ಬ್ಯಾಡಂದ್ರ ಟೋಳೀನೂ ಬ್ಯಾಡೇನು?" ಎಂದ ಮುಕಾದಮ. ದನಿ ಏರಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು.

"ಬ್ಯಾಡ ಅನ್ನಂಗಿಲ್ಲಪಾ ನಾ. ಎತ್ತಿ ಇಡು. ಚೀಲಾ ಹೊತ್ತ ದಿನಾ ತಿಂತೀನಿ."

ಮುಕಾದಮ ಆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನಿಜವಾಗಿಯೂ ಒಳಗೆ ಗೋಡೆಯ ಗೂಡಿನಲ್ಲಿ ಇಟ್ಟ. ಒಣಗಿ ಗಟ್ಟಿಯಾದ ಖಟಕು ರೊಟ್ಟಿ ಕೆಡುವಂಥದ್ದಲ್ಲ, ಆದರೂ ಅದನ್ನು ಮರುದಿನ ಯಾರೋ ಪುಡಿಮಾಡಿ ತಿಂದರು. ಅಂದಿನಿಂದ ದೀಪಾವಳಿ ಹತ್ತಿರವಾಗುವ ತನಕ ಪ್ರತಿ ಸಂಜೆಯ ಕಡೆಯ ರೊಟ್ಟಿ ಒಂದು ರಾತ್ರಿ ಗೂಡಿನಲ್ಲಿರುತ್ತಿತ್ತು.

ಆಮೇಲಿನದನ್ನು ನಾನು ಪಕ್ಕದ ಬಾಗಿಲಿಂದ ನೋಡಿದೆ. ಎಂಟು ರೊಟ್ಟಿ ಆರಾಯಿತು, ಆರು ನಾಲ್ಕಾಯಿತು, ಕೊನೆಗೆ ಮೂರಕ್ಕೆ ನಿಂತಿತು. ಬಿಟ್ಟ ಜಾಗಕ್ಕೆ ಮೊಳಕೆ ಬಂದ ಮಡಕಿ ಕಾಳು, ಪುಂಡಿ ಪಲ್ಯ, ಹಸಿ ಮೆಂತ್ಯ, ಮೂಲಂಗಿ, ಮಜ್ಜಿಗೆ. ಬೆಳಿಗ್ಗೆ ಮೊಟ್ಟೆ, ಹಾಲು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯನ್ನು, ತಾವೇ ಕುಟ್ಟಿ ಎಲ್ಲರಿಗೂ ಬಡಿಸುತ್ತಿದ್ದರು, ತಮಗೆ ಬೆರಳಿಗೆ ಹತ್ತಿದಷ್ಟೇ. ಕಡಿಮೆ ತಿನ್ನುವುದು ಬೇರೆ. ಹಸಿದ ಮನುಷ್ಯ ದಿನವಿಡೀ ಒಲೆಯ ಮುಂದೆ ಕೂತು ಇಡೀ ಟೋಳಿಗೆ ರೊಟ್ಟಿ ಬಡಿಯುವುದು ಬೇರೆ. ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಅವರು ಅದನ್ನು ಕೆಂಡಕ್ಕೆ ಒರಗಿಸಿ ಮುಂದಿನ ಹಿಟ್ಟಿಗೆ ಕೈ ಹಾಕುತ್ತಿದ್ದರು.

ಕಷ್ಟವಾಗುವುದಿಲ್ಲವಾ ಎಂದು ಒಂದು ದಿನ ಕೇಳಿದೆ. ದೂರದಲ್ಲಿ ಲಾರಿಯೊಂದು ಹಾರ್ನ್ ಮಾಡುತ್ತಿತ್ತು.

"ಆ ಹಾರ್ನ್ ಕೇಳಿದ್ರ ಹೊಟ್ಟಿ ಎದ್ದು ಕುಂದರತೈತಿ ನೋಡವಾ," ಎಂದರು. "ಕೆಲಸಕ್ಕ ಹೊಂಟೀನಿ ಅಂತ ತಿಳೀತೈತಿ ಅದು. ಇವತ್ತ ಸೂಟಿ ಐತಿ, ಮಕ್ಕೋ ಅಂತೀನಿ."

ಸೂಟಿ ಎಂದರೆ ರಜೆ, ಮಕ್ಕೋ ಎಂದರೆ ಮಲಗು. ಮಗುವಿಗೆ ಹೇಳುವ ಹಾಗೆ ಹೊಟ್ಟೆಯನ್ನು ತಟ್ಟಿಕೊಂಡು ಹೇಳಿದರು. ಅದರ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಒಂದು ದಿನವೂ ಯಾರ ತಾಟನ್ನೂ ಆಸೆಯಿಂದ ನೋಡಿದ್ದು ನಾನು ಕಾಣೆ. ಟೋಳಿಯವರೇ ಮೊದಮೊದಲು ನಾಚಿಕೊಂಡು ಅವರ ಮುಂದೆ ಕಡಿಮೆ ತಿನ್ನುತ್ತಿದ್ದರು. ಹಾಗೆ ತಿಂದವರಿಗೆ ಕಾಕಾ ಗದರಿಸಿ ಬಡಿಸುತ್ತಿದ್ದರು.

ಗಣಪತಿ ಹಬ್ಬ ಕಳೆದ ಮೇಲೆ ಪ್ಲಾಸ್ಟರ್ ತೆಗೆದರು. ಕಾಲು ಬಡಿಗೆಯಂತೆ ಸಣ್ಣಗಾಗಿತ್ತು. ಕಾಟಾದ ಮೇಲೆ ಕಾಕಾ ಈಗ ನಿಂತೇ ತೂಗಿಸಿಕೊಂಡರು. ಮುಳ್ಳು ಹಿಂದಿನ ದಸರೆಯ ತೂಕಕ್ಕಿಂತಲೂ ಕೆಳಗಿತ್ತು. ಮೊದಲು ವರಾಂಡದಲ್ಲಿ, ಆಮೇಲೆ ನಲ್ಲಿಯ ತನಕ, ಆಮೇಲೆ ಮೆಟ್ಟಿಲು... ನಡಿಗೆ ಬೆಳೆದಂತೆ ಡಾಕ್ಟರು ಹೇಳಿದಷ್ಟೇ ಊಟವನ್ನೂ ಬೆಳೆಸಿದರು.

ದೀಪಾವಳಿಗೆ ವಾರವಿದ್ದಾಗ ಅವರು ಗೋದಾಮಿಗೆ ಬಂದರು. ನಾನು ಲೆಕ್ಕದ ಮೇಜಿನ ಹಿಂದಿದ್ದೆ. ಟೋಳಿಯ ಕೆಲಸ ತಾನಾಗಿ ನಿಂತಿತು. ಇಬ್ಬರು ಎತ್ತಿಕೊಟ್ಟ ಚೀಲಕ್ಕೆ ಕಾಕಾ ಬೆನ್ನು ಕೊಟ್ಟರು. ಹಲಗೆಯ ಮೇಲೆ ಒಳ್ಳೆಯ ಕಾಲು ಇಟ್ಟು, ಮುರಿದಿದ್ದ ಕಾಲು ಎತ್ತಿಟ್ಟು, ಮೇಲೆ ಹೋದರು. ಚೀಲ ಇಳಿಸಿ ಬಂದರು. ಮುಕಾದಮ ಮಾತಾಡುವ ಮೊದಲೇ ಎರಡನೆಯದಕ್ಕೆ ಬಗ್ಗಿ ನಿಂತರು.

ಆ ಸಂಜೆ ಕಡೆಯ ರೊಟ್ಟಿ ಅವರ ತಾಟಿಗೆ ಬಂತು. ನಾವೂ ಬಾಗಿಲಲ್ಲಿ ನಿಂತಿದ್ದೆವು. ಕಾಕಾ ಮುರಿದು ತಿನ್ನತೊಡಗಿದರು. ಅರ್ಧಕ್ಕೆ ಬಂದಾಗ ಕೈ ನಿಧಾನವಾಯಿತು. ಸುತ್ತ ನೋಡಿದರು, ನಾಚಿದಂತೆ ನಕ್ಕರು. "ಹೊಟ್ಟಿ ನನ್ನಕಿಂತ ಹೆಚ್ಚ ಕಲ್ತೈತಿ," ಎಂದರು. ಮುಕಾದಮ ಉಳಿದರ್ಧ ತೆಗೆದುಕೊಂಡು ಅಲ್ಲೇ ಕೂತು ತಿಂದ.

ಮರುವರ್ಷ ನಾವು ಡೊಂಬಿವಲಿಗೆ ಮನೆ ಬದಲಿಸಿದೆವು. ಆ ಗೋದಾಮು ಮುಚ್ಚಿತು, ಟೋಳಿ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಇಷ್ಟು ವರ್ಷಗಳ ಮೇಲೆ, ಖಾರಘರದ ಆ ವಾಸನೆಯ ನಂತರ ಸುಮ್ಮನಿರಲಾಗದೆ ಹಳೆಯ ಚಾಳಿಗೆ ಹೋಗಿ ವಿಚಾರಿಸಿದೆ. ಮುಕಾದಮ ಈಗ ಠಾಣೆಯ ಮಾಜಿವಾಡಾದಲ್ಲಿ ಒಂದು ಕಂಪನಿಯ ಕಾವಲುಗಾರ ಎಂದು ತಿಳಿದು ಅಲ್ಲಿಗೇ ಹೋದೆ. ನನ್ನನ್ನು ಗುರುತಿಸಲು ಅವನಿಗೆ ತುಸು ಹೊತ್ತು ಬೇಕಾಯಿತು. ಕಾಕಾ ಎಲ್ಲಿ ಎಂದೆ.

"ಜ್ವರಾ ಬಂದು ತೀರಕೊಂಡ್ರಿ, ಊರಾಗ," ಎಂದ. ನಾನು ಕೇಳದಿದ್ದರೂ ಹೇಳಿದ, "ಕಾಲಿಗೇನೂ ಆಗಿರ್ಲಿಲ್ಲ. ಕಾಲು ಗಟ್ಟಿನ ಇತ್ತು."

ಡೈರಿಗೆ ಬರೆದುಕೊಳ್ಳಲು ಯಾವ ವರ್ಷ, ಯಾವ ತಿಂಗಳು ಎಂದು ಕೇಳಿದೆ. ಮುಕಾದಮನಿಗೆ ನೆನಪಿರಲಿಲ್ಲ. ಗೇಟಿಗೆ ಲಾರಿ ಬಂತು, ಅವನು ಎದ್ದು ಹೋದ.